ಊರ ಸಿಪಾಯಿಗೆ ಯಾವ ಊರಿನ ಕಾವಲು?

ಪುಣೆಯ ಪ್ರಾದೇಶಿಕ ಸೇನೆಯ ಕಥೆಯ ಬೇರು ಆ ಸೇನೆ ಹುಟ್ಟಿದ 1949ಕ್ಕಿಂತ ಬಹಳ ಹಿಂದಿದೆ. ಪೇಶ್ವೆಯ ಸಂಬಳ ಉಂಡ ದಾಪೋಡಿಯ ತುಕಡಿಯಿಂದ ಹಿಡಿದು ಕಾಶ್ಮೀರದಲ್ಲಿ ಗಸ್ತು ತಿರುಗಿದ ಬೆಂಗಳೂರಿನ ಪ್ಯಾರಾ ಬೆಟಾಲಿಯನ್‌ವರೆಗೆ, ಸ್ಥಳೀಯವಾಗಿ ಕಟ್ಟಿದ ಪ್ರತಿ ಪಡೆಗೂ ಎದುರಾದ ಪ್ರಶ್ನೆ ಒಂದೇ: ನಾಡಿನೊಳಗೇ ಕಾದಾಟ ಎದ್ದರೆ ಇವರು ಯಾರ ಕಡೆ?

2025ರ ಮೇ ಎರಡನೇ ವಾರ. ‘ಆಪರೇಷನ್ ಸಿಂಧೂರ’ದ ಸುದ್ದಿ ಬಿಟ್ಟು ಬೇರೇನನ್ನೂ ಟಿವಿ ವಾಹಿನಿಗಳು ತೋರಿಸುತ್ತಿರಲಿಲ್ಲ. ಆ ಗದ್ದಲದ ನಡುವೆ ರಕ್ಷಣಾ ಸಚಿವಾಲಯದ ಅಧಿಸೂಚನೆಯೊಂದು ಹೊರಬಿತ್ತು. ಪ್ರಾದೇಶಿಕ ಸೇನೆಯ, ಅಂದರೆ ಟೆರಿಟೋರಿಯಲ್ ಆರ್ಮಿಯ, ಪ್ರತಿಯೊಬ್ಬ ಅಧಿಕಾರಿ ಮತ್ತು ಸಿಪಾಯಿಯನ್ನು ಕರ್ತವ್ಯಕ್ಕೆ ಕರೆಯುವ ಅಧಿಕಾರವನ್ನು ಅದು ಭೂಸೇನಾ ಮುಖ್ಯಸ್ಥರಿಗೆ ಕೊಟ್ಟಿತ್ತು. ಆಗಿದ್ದ 32 ಕಾಲಾಳು ಬೆಟಾಲಿಯನ್‌ಗಳಲ್ಲಿ 14ನ್ನು ಸೇವೆಗೆ ಇಳಿಸಲು ಒಪ್ಪಿಗೆಯನ್ನೂ ನೀಡಿತ್ತು. ಪೂರ್ಣ ಪ್ರಮಾಣದ ಯುದ್ಧವೇ ಬಂತು ಎಂದು ಜನ ಮಾತಾಡಿಕೊಂಡರು. ಆದರೆ ಆದೇಶದ ಕೊನೆಯ ಸಾಲನ್ನು ಓದಿದವರು ಕಡಿಮೆ. ಅದರ ಅವಧಿ 2025ರ ಫೆಬ್ರುವರಿ 10ರಿಂದ 2028ರ ಫೆಬ್ರುವರಿ 9ರವರೆಗೆ. ‘ಸಿಂಧೂರ’ಕ್ಕೆ ಕಾರಣವಾದ ಉಗ್ರರ ದಾಳಿ ಪಹಲ್ಗಾಮ್‌ನಲ್ಲಿ ನಡೆದದ್ದು ಏಪ್ರಿಲ್ 22ರಂದು. ಅಂದರೆ ಅಧಿಸೂಚನೆಯ ಗಡಿಯಾರ ಅದಕ್ಕೂ ಎರಡು ತಿಂಗಳು ಮೊದಲೇ ಓಡಲು ಶುರುಮಾಡಿತ್ತು. ಈ ಪಡೆಗೆ ಕರೆ ಹೋಗುವುದು ಯುದ್ಧ ಬಂದಾಗ ಮಾತ್ರವಲ್ಲ. ದಶಕಗಳಿಂದ ಅದರ ಬೆಟಾಲಿಯನ್‌ಗಳು ದೇಶದೊಳಗಿನ ಅಶಾಂತಿಯ ಜಾಗಗಳಲ್ಲಿ ಸದ್ದಿಲ್ಲದೆ ಕಾವಲು ಕಾಯುತ್ತ ಬಂದಿವೆ.

ದಕ್ಷಿಣ ಭಾರತದ ಮಟ್ಟಿಗೆ ಈ ವ್ಯವಸ್ಥೆಯ ಸೂತ್ರ ಪುಣೆಯಲ್ಲಿದೆ. ಸದರ್ನ್ ಕಮಾಂಡಿನ ಕೇಂದ್ರ ಕಚೇರಿ ಅಲ್ಲಿ, ಅದರಡಿಯ ಪ್ರಾದೇಶಿಕ ಸೇನೆಯ ಗ್ರೂಪ್ ಹೆಡ್‌ಕ್ವಾರ್ಟರ್ಸ್ ಕೂಡ ಅಲ್ಲೇ. ಪುಣೆಯ ಸ್ವಂತ ಬೆಟಾಲಿಯನ್ 101ನೆಯದು, ಮರಾಠಾ ಲೈಟ್ ಇನ್‌ಫೆಂಟ್ರಿಗೆ ಸೇರಿದ್ದು. ಕೊಲ್ಹಾಪುರದಲ್ಲಿ ಅದೇ ರೆಜಿಮೆಂಟಿನ 109, ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿನ 115, ಬೆಂಗಳೂರಿನಲ್ಲಿ ಪ್ಯಾರಾಚೂಟ್ ರೆಜಿಮೆಂಟಿನ 106, ನಾಸಿಕದ ಬಳಿಯ ದೇವಳಾಲಿಯಲ್ಲಿ 116. ಮರಾಠಾ ರೆಜಿಮೆಂಟಿನ ತವರು ಪುಣೆಯೇ ಇರಬೇಕು ಎಂದುಕೊಳ್ಳುವವರು ಉಂಟು. ಅದರ ತರಬೇತಿ ಕೇಂದ್ರ 1922ರಿಂದಲೂ ನಮ್ಮ ಬೆಳಗಾವಿಯಲ್ಲಿದೆ. ಹೀಗಾಗಿ ಪುಣೆಯ ಈ ಕಥೆಯಲ್ಲಿ ಕನ್ನಡನಾಡು ಮೊದಲಿಂದಲೂ ಒಳಗಿನದೇ ಪಾತ್ರ.

ದಾಪೋಡಿಯ ಷರತ್ತಿನ ಪ್ರಮಾಣ

ಪುಣೆಯಿಂದ ಲೋಣಾವಳ ಲೋಕಲ್ ಹತ್ತಿದರೆ ಶಿವಾಜಿನಗರ, ಖಡಕಿ ದಾಟಿದ ಮೇಲೆ ಬರುವ ನಿಲ್ದಾಣ ದಾಪೋಡಿ. ಎರಡನೇ ಬಾಜೀರಾಯ ಪೇಶ್ವೆಯಾಗಿದ್ದಾಗ ಇಲ್ಲೊಂದು ವಿಚಿತ್ರ ಪಡೆ ಬೀಡುಬಿಟ್ಟಿತ್ತು. ಸಂಬಳ ಪೇಶ್ವೆಯದು, ಕವಾಯತು ಇಂಗ್ಲಿಷರದು, ದಳಪತಿ ಮದ್ರಾಸ್ ಸೈನ್ಯದಿಂದ ಬಂದ ಜಾನ್ ಫೋರ್ಡ್. ಸಿಪಾಯಿಗಳು ಪೇಶ್ವೆಗೆ ನಿಷ್ಠರಾಗಿರುತ್ತೇವೆಂದು ಪ್ರಮಾಣ ಮಾಡಿದ್ದರು. ಆದರೆ ಆ ಪ್ರಮಾಣಕ್ಕೆ ಒಂದು ಬಾಲವಿತ್ತು: ಪೇಶ್ವೆ ಕಂಪನಿಯ ಜತೆ ಸ್ನೇಹದಿಂದ ಇರುವತನಕ. ಮರಾಠರ ಇತಿಹಾಸ ಬರೆದ ಗ್ರಾಂಟ್ ಡಫ್ ಇದನ್ನು ದಾಖಲಿಸಿದ್ದಾನೆ. ಮುಂದೆ ಖಡಕಿಯಲ್ಲಿ ನಡೆದ ಕಾಳಗವನ್ನು ಅವನು ಕಣ್ಣಾರೆ ಕಂಡವನು.

1817ರ ಜೂನ್‌ನಲ್ಲಿ ಪುಣೆಯ ಒಪ್ಪಂದಕ್ಕೆ ಪೇಶ್ವೆ ಒಲ್ಲದ ಮನಸ್ಸಿನಿಂದ ರುಜು ಹಾಕಿದ. ಧಾರವಾಡ, ಕುಸುಗಲ್ಲಿನಂಥ ಕೋಟೆಗಳು ಕಂಪನಿಯ ಕೈಸೇರಿದ್ದು ಆ ಕಾಗದದಿಂದಲೇ. ದಸರೆಯ ಹೊತ್ತಿಗೆ ಪುಣೆಯ ಸುತ್ತ ದಂಡು ಜಮಾಯಿಸತೊಡಗಿತು. ಕದನ ನಿಶ್ಚಿತವೆಂದು ತಿಳಿದಾಗ ಪೇಶ್ವೆಯ ಮಂತ್ರಿ ಮೋರ ದೀಕ್ಷಿತ ತನ್ನ ಗೆಳೆಯ ಫೋರ್ಡ್‌ನನ್ನು ಕಂಡು, ನೀನು ಯಾರ ಕಡೆಗೂ ಹೋಗದೆ ತಟಸ್ಥನಾಗಿರು, ಇಲ್ಲವಾದರೆ ನಿನ್ನ ಪಡೆ ಉಳಿಯುವುದಿಲ್ಲ ಎಂದು ಕೇಳಿಕೊಂಡ. ಫೋರ್ಡ್ ಒಪ್ಪಲಿಲ್ಲ. ನಮ್ಮಿಬ್ಬರಲ್ಲಿ ಯಾರು ಬದುಕಿ ಉಳಿದರೂ ಇನ್ನೊಬ್ಬನ ಸಂಸಾರವನ್ನು ಕಾಯಬೇಕು ಎಂದು ಮಾತು ಕೊಟ್ಟುಕೊಂಡು ಇಬ್ಬರೂ ಬೇರೆಯಾದರು.

ನವೆಂಬರ್ 5ರ ಇಳಿಹೊತ್ತು. ಪೇಶ್ವೆ ಪರ್ವತಿ ಗುಡ್ಡದ ಮೇಲೆ ನಿಂತು ನೋಡುತ್ತಿದ್ದ. ಕೆಳಗೆ ಗಣೇಶಖಿಂಡದ ಬಯಲಲ್ಲಿ, ಇಂದು ಪುಣೆ ವಿಶ್ವವಿದ್ಯಾಲಯ ಇರುವ ಆಸುಪಾಸಿನಲ್ಲಿ, ಬಾಪು ಗೋಖಲೆಯ ಕುದುರೆ ದಂಡು ಮುನ್ನುಗ್ಗಿತು. ಕಂಪನಿಯ ಸಾಲಿನಲ್ಲಿದ್ದವರು ಮೂರು ಸಾವಿರಕ್ಕೂ ಕಡಿಮೆ. ದಾಪೋಡಿಯಿಂದ ಹೊರಟ ಫೋರ್ಡ್‌ನ ತುಕಡಿ ದಾರಿಯಲ್ಲಿ ತಡೆಯಲು ಬಂದ ಸವಾರರನ್ನು ಹಿಮ್ಮೆಟ್ಟಿಸಿ ಬಂದು ಆ ಸಾಲನ್ನು ಕೂಡಿಕೊಂಡಿತು. ಆ ಸವಾರರ ಮುಂದಾಳಾಗಿದ್ದವನು, ಜರೀಪಟಕಾ ಧ್ವಜದ ಹೊಣೆ ಹೊತ್ತ ಮೋರ ದೀಕ್ಷಿತನೇ. ಗೆಳೆಯನ ಪಡೆ ಹಾರಿಸಿದ ಗುಂಡಿಗೆ ಅವನು ಬಲಿಯಾದ.

ಉಪ್ಪಿನ ಋಣದ ಮಾತಾಡುವವರು ದಾಪೋಡಿಯ ಸಿಪಾಯಿಗಳನ್ನು ನಮಕ್‌ಹರಾಮರೆಂದು ಜರೆಯಬಹುದು. ಆದರೆ ಪ್ರಮಾಣದಲ್ಲಿ ಬರೆದಿದ್ದ ಷರತ್ತು ಮುರಿದುಬಿದ್ದಿತ್ತು, ಅವರು ಅದರಂತೆ ನಡೆದರು. ಸಂಬಳ ಕೊಡುವ ದೊರೆ ಒಬ್ಬ, ಹುಕುಂ ಕೊಡುವ ದೊರೆ ಇನ್ನೊಬ್ಬ ಆದಾಗ ಸ್ಥಳೀಯ ಪಡೆ ಯಾವ ಕಡೆ ವಾಲುತ್ತದೆ ಎಂಬುದಕ್ಕೆ ಪುಣೆ ಕಂಡ ಮೊದಲ ಉತ್ತರ ಇದು.

ಧಾರವಾಡದ ಪೇದೆಗಳು

ಅದೇ ಸಮಯಕ್ಕೆ ದಕ್ಷಿಣದಲ್ಲಿ ಬೇರೆ ಬಗೆಯ ಪ್ರಯೋಗವೊಂದು ನಡೆದಿತ್ತು. ಹೊಸದಾಗಿ ಕೈಸೇರಿದ ಧಾರವಾಡ ಸೀಮೆಯ ಆಡಳಿತಕ್ಕೆಂದು ಬಂದಿದ್ದ ಥಾಮಸ್ ಮುನ್ರೋನ ಬಳಿ ಯುದ್ಧ ಶುರುವಾದಾಗ ಹೇಳಿಕೊಳ್ಳುವಷ್ಟು ಸೈನ್ಯವಿರಲಿಲ್ಲ. ಅವನು ಊರೂರಿನ ಪೇದೆಗಳನ್ನೇ ಕಲೆಹಾಕಿದ. ಪೇಶ್ವೆಯ ಮತ್ತು ಗೋಖಲೆಯ ಅಧಿಕಾರಿಗಳ ವಸೂಲಿಯಿಂದ ಬೇಸತ್ತಿದ್ದ ರೈತಾಪಿ ಜನ ಅವನ ಬೆನ್ನಿಗೆ ನಿಂತರು. ನವಲಗುಂದ, ಗದಗ, ಡಂಬಳ, ಹುಬ್ಬಳ್ಳಿ ಒಂದೊಂದಾಗಿ ಕೈಸೇರಿದವು. 1818ರ ಫೆಬ್ರುವರಿಯಲ್ಲಿ ಬಾದಾಮಿ, ಏಪ್ರಿಲ್‌ನಲ್ಲಿ ಬೆಳಗಾವಿ, ಮೇ ತಿಂಗಳಲ್ಲಿ ಸೊಲ್ಲಾಪುರ. ಬೆರಳೆಣಿಕೆಯ ಕಂಪನಿ ಸಿಪಾಯಿಗಳು, ಉಳಿದವರೆಲ್ಲ ಆಯಾ ಸೀಮೆಯ ಜನ.

ದಾಪೋಡಿಯ ಪಡೆಗೆ ಕವಾಯತು ಚೆನ್ನಾಗಿ ಬರುತ್ತಿತ್ತು, ಊರಿನ ಜತೆ ನಂಟು ಕಡಿಮೆ. ಧಾರವಾಡದ ಪೇದೆಗಳಿಗೆ ಕವಾಯತು ಗೊತ್ತಿರಲಿಲ್ಲ, ಯಾವ ಹಳ್ಳದ ದಾರಿ ಎಲ್ಲಿಗೆ ಹೋಗುತ್ತದೆ, ಯಾವ ಪಾಟೀಲ ಯಾರ ಕಡೆ ಎಂಬುದು ಗೊತ್ತಿತ್ತು. ಒಳನಾಡಿನ ಕಾದಾಟದಲ್ಲಿ ಈ ಎರಡನೇ ತಿಳಿವಳಿಕೆಗೆ ಇರುವ ಬೆಲೆಯನ್ನು ಮುನ್ರೋ ಬೇಗ ಕಂಡುಕೊಂಡ. ಮುಂದಿನ ಸರ್ಕಾರಗಳೆಲ್ಲ ಅದನ್ನು ಆಗಾಗ ಮರೆತು, ಆಗಾಗ ನೆನಪಿಸಿಕೊಂಡಿವೆ.

ಬಂದೂಕು ಯಾರ ಕೈಗೆ?

1857ರ ಬಂಡಾಯದ ನಂತರ ಆಂಗ್ಲ ಸರ್ಕಾರಕ್ಕೆ ಸ್ಥಳೀಯರನ್ನು ನಂಬುವ ಧೈರ್ಯ ಉಳಿಯಲಿಲ್ಲ. ಊರು ಕಾಯುವ ಬಿಡುವಿನ ಸೈನಿಕರು ಬೇಕು, ಆದರೆ ಅವರು ಬಿಳಿಯರೋ ಆಂಗ್ಲೋ ಇಂಡಿಯನ್ನರೋ ಆಗಿರಬೇಕು. ಹೀಗೆ ಹುಟ್ಟಿಕೊಂಡವು ವಾಲಂಟಿಯರ್ ದಳಗಳು. ಬೆಂಗಳೂರು ರೈಫಲ್ ವಾಲಂಟಿಯರ್ಸ್ 1868ರಲ್ಲೇ ಬಂತು. ಪುಣೆಗೆ ಪೂನಾ ವಾಲಂಟಿಯರ್ ರೈಫಲ್ಸ್, ಕೋಲಾರದ ಚಿನ್ನದ ಗಣಿಗೆ ಅದರದ್ದೇ ದಳ, ರೈಲ್ವೆಗೆ ರೈಲ್ವೆಯದ್ದು. ಹುಬ್ಬಳ್ಳಿಯನ್ನು ಹಾದುಹೋಗುತ್ತಿದ್ದ ಸದರ್ನ್ ಮರಾಠಾ ರೈಲ್ವೆಗೂ ತನ್ನದೇ ರೈಫಲ್ಸ್ ಇತ್ತು. ವಾರವಿಡೀ ಡ್ರೈವರ್, ಗಾರ್ಡ್, ಗುಮಾಸ್ತ, ರಜೆಯ ದಿನ ಬಂದೂಕುಧಾರಿ. ಗಲಭೆಯೋ ಮುಷ್ಕರವೋ ಎದ್ದರೆ ಸೇತುವೆ, ಖಜಾನೆ, ಬಿಳಿಯರ ಬಂಗಲೆಗಳ ಕಾವಲು ಅವರ ಪಾಲಿಗೆ. ಅವರು ಕಾಯುತ್ತಿದ್ದದ್ದು ಊರನ್ನೇ, ಆದರೆ ಊರಿನವರಿಂದ.

ನಮ್ಮನ್ನೂ ವಾಲಂಟಿಯರ್ ದಳಕ್ಕೆ ಸೇರಿಸಿಕೊಳ್ಳಿ ಎಂದು ವಿದ್ಯಾವಂತ ಭಾರತೀಯರು 1880ರ ದಶಕದಿಂದಲೇ ಅರ್ಜಿ ಹಾಕುತ್ತ ಬಂದರು. ಕಾಂಗ್ರೆಸ್ಸಿನ ಆರಂಭದ ಅಧಿವೇಶನಗಳಲ್ಲೂ ಇದು ಪ್ರಮುಖ ಬೇಡಿಕೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಕೊರತೆ ಬಿದ್ದಾಗ, 1917ರಲ್ಲಿ ಇಂಡಿಯನ್ ಡಿಫೆನ್ಸ್ ಫೋರ್ಸ್ ಹುಟ್ಟಿತು, ಅದರ ಬಾಗಿಲು ಭಾರತೀಯರಿಗೂ ಅರೆ ತೆರೆಯಿತು. ಪುಣೆಯಲ್ಲಿ ಬಾಲ ಗಂಗಾಧರ ತಿಲಕರು ಯುವಕರಿಗೆ ಸೇರಿಕೊಳ್ಳಲು ಕರೆಕೊಟ್ಟರು. ರಾಜದ್ರೋಹದ ಆರೋಪದ ಮೇಲೆ ಮಂಡಾಲೆಯಲ್ಲಿ ಆರು ವರ್ಷ ಸೆರೆಯಿದ್ದು ಬಂದ ತಿಲಕರು ಸರ್ಕಾರದ ಸೈನ್ಯಕ್ಕೆ ಜನ ಕೂಡಿಸುವುದೇ ಎಂದು ಹುಬ್ಬೇರಿಸಿದವರಿದ್ದರು. ತಿಲಕರ ಲೆಕ್ಕ ಸರಳ: ಸ್ವರಾಜ್ಯ ಕೇಳುವ ಜನಕ್ಕೆ ಬಂದೂಕು ಹಿಡಿಯಲು ಬರಬೇಕು.

ತಿಲಕರು ತೀರಿಕೊಂಡ 1920ರಲ್ಲೇ ಸರ್ಕಾರ ಎರಡು ಕಾಯ್ದೆ ತಂದಿತು. ಬಿಳಿಯರಿಗೆ, ಆಂಗ್ಲೋ ಇಂಡಿಯನ್ನರಿಗೆ ಆಕ್ಸಿಲಿಯರಿ ಫೋರ್ಸ್, ಇದರಲ್ಲಿದ್ದವರು ತಮ್ಮ ಸ್ಥಳದಲ್ಲಿ ಮಾತ್ರ ಸೇವೆ ಸಲ್ಲಿಸಿದರೆ ಸಾಕು. ಭಾರತೀಯರಿಗೆ ಇಂಡಿಯನ್ ಟೆರಿಟೋರಿಯಲ್ ಫೋರ್ಸ್, ಇವರನ್ನು ಬೇಕಾದಲ್ಲಿಗೆ ಕಳಿಸಬಹುದು. ಊರಿನ ಬಂದೂಕಿನ ಕೀಲಿ ಬಿಳಿಯರ ಬಳಿಯೇ ಉಳಿಯಿತು. ಹಾಗಿದ್ದೂ ಈ ಎರಡನೇ ದರ್ಜೆಯ ಪಡೆಗೆ ಮರಾಠಾ ರೆಜಿಮೆಂಟಿನ ಸೀಮೆಯಿಂದಲೂ ಕೊಡಗಿನಿಂದಲೂ ಹುಡುಗರು ಹೋದರು. ಕೊಡಗಿನ ಬೆಟಾಲಿಯನ್ ಎರಡನೇ ಮಹಾಯುದ್ಧದಲ್ಲಿ ಟ್ಯಾಂಕ್ ನಿರೋಧಕ ತೋಪಿನ ದಳವಾಗಿ ಬದಲಾಯಿತು. ಕಾಲೇಜು ಹುಡುಗರಿಗಿದ್ದ ಯೂನಿವರ್ಸಿಟಿ ಟ್ರೈನಿಂಗ್ ಕೋರ್ ಸ್ವಾತಂತ್ರ್ಯದ ನಂತರ ಎನ್‌ಸಿಸಿಗೆ ದಾರಿ ಮಾಡಿಕೊಟ್ಟಿತು.

1948: ಹೊತ್ತಿ ಉರಿದ ವರ್ಷ

ಗಾಂಧೀಜಿಯ ಹತ್ಯೆಯಾದ ಮೇಲೆ ಪುಣೆ, ಸಾತಾರಾ, ಸಾಂಗ್ಲಿ, ಕೊಲ್ಹಾಪುರಗಳಲ್ಲಿ ಮನೆಗಳು ಹೊತ್ತಿ ಉರಿದವು. ಪೂರ್ವದಲ್ಲಿ ನಿಜಾಮನ ರಾಜ್ಯದ ಗಡಿಯಲ್ಲಿ ರಜಾಕಾರರ ಹಾವಳಿ. ಮುಂಡರಗಿ, ಗಜೇಂದ್ರಗಡದ ಗಡಿ ಶಿಬಿರಗಳಲ್ಲಿ ನಮ್ಮ ಯುವಕರು ತಾವೇ ಬಂದೂಕು ಹಿಡಿದು ಹಳ್ಳಿ ಕಾಯುತ್ತಿದ್ದ ದಿನಗಳವು. ಸೆಪ್ಟೆಂಬರ್‌ನಲ್ಲಿ ಪುಣೆಯ ಸದರ್ನ್ ಕಮಾಂಡಿನ ಮುಖ್ಯಸ್ಥ ರಾಜೇಂದ್ರಸಿಂಹಜಿ ಅವರ ಮೇಲುಸ್ತುವಾರಿಯಲ್ಲಿ, ಸೊಲ್ಲಾಪುರದ ಕಡೆಯಿಂದ ಜೆ.ಎನ್. ಚೌಧುರಿ ಅವರ ದಂಡು ಹೈದರಾಬಾದಿನತ್ತ ಹೊರಟಿತು. 13ರಂದು ಶುರುವಾದ ‘ಆಪರೇಷನ್ ಪೋಲೋ’ ಐದು ದಿನಕ್ಕೆ ಮುಗಿಯಿತು. ಬೀದರ್, ಕಲಬುರಗಿ, ರಾಯಚೂರಿನ ಜನ ಇಂದಿಗೂ ಸೆಪ್ಟೆಂಬರ್ 17ನ್ನು ವಿಮೋಚನೆಯ ದಿನವಾಗಿ ಆಚರಿಸುತ್ತಾರೆ.

ಪ್ರಾದೇಶಿಕ ಸೇನೆಯ ಕಾಯ್ದೆ ಬಂದದ್ದು ಅದೇ ಸೆಪ್ಟೆಂಬರ್‌ನಲ್ಲಿ. ಅದರ ಏಳನೇ ಕಲಮು ಸಿಪಾಯಿಯನ್ನು ಯಾವಾಗ ಕರೆಯಬಹುದು ಎಂದು ಹೇಳುತ್ತದೆ. ನಾಗರಿಕ ಆಡಳಿತಕ್ಕೆ ನೆರವಾಗಲು ಇಲ್ಲವೇ ಅಗತ್ಯ ಸ್ಥಳಗಳ ಕಾವಲಿಗೆ, ತರಬೇತಿಗೆ ಅಥವಾ ಖಾಯಂ ಸೇನೆಗೆ ಬೆಂಬಲವಾಗಿ, ಖಾಯಂ ಸೇನೆಯ ಜತೆ ಜೋಡಿಸಿದಾಗ. ಮೊದಲ ಸ್ಥಾನ ನಾಗರಿಕ ಆಡಳಿತದ ನೆರವಿಗೆ. ಕಾಯ್ದೆ ಬರೆದವರ ಕಣ್ಣೆದುರು ಯಾವ ಭಾರತವಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮರುವರ್ಷ, 1949ರ ಅಕ್ಟೋಬರ್ 9ರಂದು, ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಹೊಸ ಪಡೆಯನ್ನು ಉದ್ಘಾಟಿಸಿದರು. ಆಗ ಭೂಸೇನೆಯ ದಂಡನಾಯಕರಾಗಿದ್ದವರು ಕೊಡಗಿನ ಕೆ.ಎಂ. ಕಾರ್ಯಪ್ಪ. ಜಾತಿ, ಬಣ್ಣ, ಪ್ರಾಂತ್ಯದ ಅಡ್ಡಗೋಡೆ ಇಲ್ಲದೆ ಯಾವ ಪ್ರಜೆಯೂ ಅರ್ಜಿ ಹಾಕಬಹುದಾದ ಮೊದಲ ಬಿಡುವಿನ ಸೈನ್ಯ ಇದು. ಹೆಣ್ಣುಮಕ್ಕಳ ಪಾಲಿಗೆ ಆ ಬಾಗಿಲು ತೆರೆಯಲು ಮಾತ್ರ 2018ರ ದೆಹಲಿ ಹೈಕೋರ್ಟ್ ತೀರ್ಪಿನವರೆಗೆ ಕಾಯಬೇಕಾಯಿತು.

ಬೀದಿಯ ಗಲಭೆಗೆ ಮಾತ್ರ ರಾಜ್ಯಗಳು ಬೇರೆ ದಾರಿ ಹುಡುಕಿಕೊಂಡವು. ಮುಂಬಯಿ ಪ್ರಾಂತ್ಯ 1948ರಲ್ಲಿ ಮೀಸಲು ಪೊಲೀಸ್ ಪಡೆ ಕಟ್ಟಿತು, 1951ರಲ್ಲಿ ಅದಕ್ಕೊಂದು ಕಾಯ್ದೆ ಮಾಡಿತು. ಆ ಪಡೆಯ ಒಂದು ಮತ್ತು ಎರಡನೇ ಗ್ರೂಪುಗಳು ಇಂದಿಗೂ ಪುಣೆಯ ರಾಮಟೇಕಡಿಯಲ್ಲಿವೆ. ನಮ್ಮಲ್ಲಿ ಆ ಕೆಲಸ ಕರ್ನಾಟಕದ ಮೀಸಲು ಪೊಲೀಸ್ ಪಡೆ ಕೆಎಸ್‌ಆರ್‌ಪಿಯದು. ಹೀಗಾಗಿ ಪುಣೆಯ ಸಿಪಾಯಿಯನ್ನು ಪುಣೆಯ ಬೀದಿಗೆ ಇಳಿಸುವ ಸಂದರ್ಭ ಅಪರೂಪವಾಯಿತು, ದೂರದ ನಾಡಿಗೆ ಕಳಿಸುವುದು ವಾಡಿಕೆಯಾಯಿತು.

ಗಲಭೆಗೆ ಸೈನ್ಯ: ಕಾನೂನು ಏನನ್ನುತ್ತದೆ?

• ಅಕ್ರಮ ಕೂಟವನ್ನು ಚದುರಿಸುವ ಮೊದಲ ಹೊಣೆ ಪೊಲೀಸರದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಮಿನಲ್ಲಿ ಇದಿದೆ.

• ಪೊಲೀಸರಿಂದ ಆಗದಿದ್ದರೆ 149ನೇ ಕಲಮಿನಡಿ ಜಿಲ್ಲಾಧಿಕಾರಿ ಅಥವಾ ಅವರು ಅಧಿಕಾರ ಕೊಟ್ಟ ಮ್ಯಾಜಿಸ್ಟ್ರೇಟ್ ಸೇನೆಯನ್ನು ಕರೆಯಬಹುದು. ಸೇನೆ ಆದಷ್ಟು ಕಡಿಮೆ ಬಲ ಬಳಸಬೇಕು, ಜೀವ ಮತ್ತು ಆಸ್ತಿಗೆ ಆದಷ್ಟು ಕಡಿಮೆ ಹಾನಿ ಮಾಡಬೇಕು.

• ಮ್ಯಾಜಿಸ್ಟ್ರೇಟ್ ಸಂಪರ್ಕಕ್ಕೆ ಸಿಗದ ತುರ್ತಿನಲ್ಲಿ ಮಾತ್ರ ಸೇನಾಧಿಕಾರಿ ತಾನೇ ನಿರ್ಧರಿಸಬಹುದು, ಸಂಪರ್ಕ ಸಿಕ್ಕೊಡನೆ ಅವರ ಮಾತಿಗೆ ಒಳಪಡಬೇಕು. ಇದು 150ನೇ ಕಲಮು.

• ‘ಗಲಭೆಗ್ರಸ್ತ’ ಎಂದು ಘೋಷಿಸಿದ ಪ್ರದೇಶಗಳಲ್ಲಿ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಆಗ ಸೈನಿಕನ ಅಧಿಕಾರವೂ ಹೆಚ್ಚು, ಅವನ ಮೇಲಿನ ಆಕ್ಷೇಪಗಳೂ ಹೆಚ್ಚು.

ದೂರದ ಬೆಟ್ಟ, ಹತ್ತಿರದ ಗುಂಡು

1962, 1965, 1971ರ ಯುದ್ಧಗಳಲ್ಲಿ ಪ್ರಾದೇಶಿಕ ಸೇನೆ ಭಾಗವಹಿಸಿತು. ಆದರೆ ಅದರ ಗುಣ ಬದಲಾದದ್ದು 1980ರ ದಶಕದ ನಂತರ. ಪಂಜಾಬ್ ಮತ್ತು ಕಾಶ್ಮೀರದಲ್ಲಿ ‘ರಕ್ಷಕ್’, ಈಶಾನ್ಯದಲ್ಲಿ ‘ಬಜರಂಗ್’ ಮತ್ತು ‘ರೈನೋ’, ಶ್ರೀಲಂಕಾದಲ್ಲಿ ‘ಪವನ್’, ಈ ಕಾರ್ಯಾಚರಣೆಗಳಲ್ಲೆಲ್ಲ ಅದರ ತುಕಡಿಗಳು ದುಡಿದವು. ಎರಡು ತಿಂಗಳ ಶಿಬಿರಕ್ಕೆಂದು ಹೆಸರು ಬರೆಸಿದವನು ವರ್ಷಗಟ್ಟಲೆ ಸಮವಸ್ತ್ರದಲ್ಲೇ ಉಳಿಯತೊಡಗಿದ.

ಬೆಂಗಳೂರಿನ 106ನೇ ಪ್ಯಾರಾ ಬೆಟಾಲಿಯನ್ ಜನರ ಬಾಯಿಗೆ ಬಂದದ್ದು ಮಹೇಂದ್ರಸಿಂಗ್ ಧೋನಿಯಿಂದ. 2011ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಹುದ್ದೆ ಪಡೆದ ಅವರು 2019ರ ಜುಲೈ 31ರಿಂದ ಆಗಸ್ಟ್ 15ರವರೆಗೆ ಈ ಬೆಟಾಲಿಯನ್ ಜತೆ ಕಾಶ್ಮೀರ ಕಣಿವೆಯಲ್ಲಿದ್ದು ಗಸ್ತು, ಪಹರೆ ಮಾಡಿದರು. ಕ್ಯಾಮೆರಾಗಳು ಧೋನಿಯನ್ನು ಹುಡುಕುತ್ತಿದ್ದ ಆ ಹದಿನೈದು ದಿನಗಳ ನಡುವೆಯೇ, ಆಗಸ್ಟ್ 5ರಂದು, 370ನೇ ವಿಧಿಯಡಿಯ ವಿಶೇಷ ಸ್ಥಾನ ರದ್ದಾಯಿತು. ದೂರವಾಣಿ ಬಂದ್, ಬೀದಿ ಖಾಲಿ. ಅಂಥ ಕಣಿವೆಯಲ್ಲಿ ಬೆಂಗಳೂರಿನ ಹೆಸರು ಹೊತ್ತ ಪಡೆ ಪಹರೆ ನಿಂತಿತ್ತು ಎಂಬುದು ನಮ್ಮಲ್ಲಿ ಎಷ್ಟು ಜನರ ಗಮನಕ್ಕೆ ಬಂತು?

ಈ ಕೆಲಸದಲ್ಲಿ ಗುಂಡಿನಷ್ಟೇ ಮಣ್ಣೂ ಕೊಲ್ಲುತ್ತದೆ. ಮಣಿಪುರದ ನೋನೆ ಜಿಲ್ಲೆಯ ತೂಪುಲ್‌ನಲ್ಲಿ ಜಿರಿಬಾಮ್–ಇಂಫಾಲ್ ರೈಲು ಮಾರ್ಗ ಕಟ್ಟುವ ಕೆಲಸಗಾರರಿಗೆ ಬಂಡುಕೋರರಿಂದ ರಕ್ಷಣೆ ಕೊಡಲು 107ನೇ ಬೆಟಾಲಿಯನ್ನಿನ ತುಕಡಿಯೊಂದು ಬೀಡುಬಿಟ್ಟಿತ್ತು. 2022ರ ಜೂನ್ 29ರ ರಾತ್ರಿ ಗುಡ್ಡ ಕುಸಿಯಿತು. ಸತ್ತ 60ರ ಆಸುಪಾಸಿನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಈ ಪಡೆಯವರು, ಬಹುಪಾಲು ಡಾರ್ಜಿಲಿಂಗ್ ಬೆಟ್ಟಗಳ ಮಕ್ಕಳು. ಇನ್ನೊಬ್ಬರ ಊರಿಗೆ ರೈಲು ತರುವ ಕೆಲಸಕ್ಕೆ ಕಾವಲು ನಿಂತವರು.

ಮನೆ ಬಾಗಿಲ ಪಡೆ

ಹೊರಗಿನವನನ್ನು ತಂದು ನಿಲ್ಲಿಸುವುದಕ್ಕೆ ಒಂದು ಮಿತಿಯಿದೆ. ಅವನಿಗೆ ಭಾಷೆ ಬಾರದು, ಓಣಿ ಗೊತ್ತಿಲ್ಲ. ಹೀಗಾಗಿ 2004ರ ಹೊತ್ತಿಗೆ ಕಾಶ್ಮೀರದಲ್ಲಿ ‘ಹೋಮ್ ಅಂಡ್ ಹಾರ್ತ್’ ಹೆಸರಿನ ಬೆಟಾಲಿಯನ್‌ಗಳು ಬಂದವು. ಸಿಪಾಯಿ ಅದೇ ಸೀಮೆಯವನು, ಕಾವಲೂ ಅದೇ ಸೀಮೆಗೆ. ಮುನ್ರೋ ಧಾರವಾಡದಲ್ಲಿ ಹಿಡಿದ ದಾರಿಯೇ ಇದು. 162ನೇ ಬೆಟಾಲಿಯನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಂದು ಕಾಲಕ್ಕೆ ಉಗ್ರರಾಗಿದ್ದು, ಶರಣಾಗಿ ‘ಇಖ್ವಾನ್’ ಎಂಬ ಹೆಸರಿನಲ್ಲಿ ಸರ್ಕಾರದ ಪರ ತಿರುಗಿದವರಿಗೆ ಅದು ಸಮವಸ್ತ್ರ ಕೊಟ್ಟಿತು.

ಅವರಲ್ಲೊಬ್ಬರು ಲ್ಯಾನ್ಸ್ ನಾಯಕ್ ನಜೀರ್ ಅಹ್ಮದ್ ವಾನಿ. ಎರಡು ಬಾರಿ ಸೇನಾ ಪದಕ ಗಳಿಸಿದವರು. 2018ರ ನವೆಂಬರ್ 25ರಂದು ಶೋಪಿಯಾನ್ ಜಿಲ್ಲೆಯಲ್ಲಿ ಉಗ್ರರು ಅಡಗಿದ್ದ ಮನೆಯ ಮೇಲಿನ ಕಾರ್ಯಾಚರಣೆಯಲ್ಲಿ ಹೋರಾಡಿ ಮಡಿದರು. ಮರುವರ್ಷದ ಗಣರಾಜ್ಯೋತ್ಸವದಂದು ಅವರಿಗೆ ಸಂದ ಮರಣೋತ್ತರ ಅಶೋಕ ಚಕ್ರವನ್ನು ಸ್ವೀಕರಿಸಿದವರು ಪತ್ನಿ ಮತ್ತು ತಾಯಿ.

ಈ ಒಬ್ಬರ ಶೌರ್ಯದಿಂದ ಇಡೀ ಪ್ರಯೋಗದ ಲೆಕ್ಕ ಚುಕ್ತಾ ಆಗುವುದಿಲ್ಲ. ಸಮವಸ್ತ್ರ ಸಿಗುವ ಮೊದಲು, 1990ರ ದಶಕದಲ್ಲಿ, ಇಖ್ವಾನ್ ಗುಂಪುಗಳ ಮೇಲೆ ಸುಲಿಗೆ, ಅಪಹರಣ, ಕೊಲೆಯ ಆರೋಪಗಳಿದ್ದವು. ಮಾನವ ಹಕ್ಕು ಸಂಘಟನೆಗಳು ಅವನ್ನು ವಿವರವಾಗಿ ದಾಖಲಿಸಿವೆ. ಊರಿನವನ ಕೈಗೆ ಲೆಕ್ಕ ಕೇಳುವವರಿಲ್ಲದ ಬಂದೂಕು ಕೊಟ್ಟರೆ ಹಳೆಯ ಜಗಳಗಳು ಅದರ ನಳಿಗೆಯಿಂದಲೇ ಹೊರಬರುತ್ತವೆ. ಬೆಟಾಲಿಯನ್ನಿಗೆ ಸೇರಿಸಿದ ಮೇಲೆ ಸಂಬಳದ ಜತೆ ಸೇನಾ ಕಾಯ್ದೆಯೂ ಬಂತು, ತಪ್ಪಿದರೆ ಕೋರ್ಟ್ ಮಾರ್ಷಲ್ಲೂ ಬಂತು. ಸ್ಥಳೀಯನೋ ಹೊರಗಿನವನೋ ಎಂಬುದಕ್ಕಿಂತ, ಅವನ ಹುಕುಂ ಎಲ್ಲಿಂದ ಬರುತ್ತದೆ, ತಪ್ಪಿಗೆ ಅವನು ಯಾರಿಗೆ ಉತ್ತರ ಕೊಡಬೇಕು ಎಂಬುದೇ ಮುಖ್ಯ. ದಾಪೋಡಿಯಿಂದ ಶೋಪಿಯಾನ್‌ವರೆಗಿನ ಕಥೆ ಹೇಳುವುದು ಇದನ್ನೇ.

ಕುರ್ಚಿ ಕಾಯುವವರು ಯಾರು?

ಪ್ರಾದೇಶಿಕ ಸೇನೆಯಲ್ಲಿ ಇಂದು ಸುಮಾರು 50 ಸಾವಿರ ಜನರಿದ್ದಾರೆ. ರೈಲ್ವೆ, ತೈಲ ಕಂಪನಿಗಳ ನೌಕರರಿಂದಲೇ ಕಟ್ಟಿದ ಇಲಾಖಾ ಘಟಕಗಳೂ ಇದರಲ್ಲಿ ಸೇರಿವೆ. ಬೆಳಗಾವಿಯಲ್ಲೋ ಕೊಲ್ಹಾಪುರದಲ್ಲೋ ಭರ್ತಿ ರ‍್ಯಾಲಿ ಎಂದರೆ ಹಿಂದಿನ ರಾತ್ರಿಯೇ ಬಂದು ರಸ್ತೆಬದಿಯಲ್ಲಿ ಮಲಗುವ ಸಾವಿರಾರು ಹುಡುಗರು. ಅವರಲ್ಲಿ ಬಹಳಷ್ಟು ಮಂದಿ ಇದನ್ನು ಖಾಯಂ ಸರ್ಕಾರಿ ನೌಕರಿ ಎಂದೇ ಭಾವಿಸಿ ಬಂದಿರುತ್ತಾರೆ. ಇದು ಖಾಯಂ ನೌಕರಿಯಲ್ಲ. ಕರೆ ಬಂದ ದಿನಗಳಿಗೆ ಮಾತ್ರ ಖಾಯಂ ಸೈನಿಕನಷ್ಟೇ ಸಂಬಳ. ಸಿಪಾಯಿಗೆ ಪಿಂಚಣಿ ಬೇಕೆಂದರೆ ಹೀಗೆ ಕರೆಸಿಕೊಂಡು ದುಡಿದ ಸೇವೆಯೇ ಒಟ್ಟು 15 ವರ್ಷ ಆಗಿರಬೇಕು. ನಡುವೆ ಮನೆಗೆ ಕಳಿಸಿದ ವರ್ಷಗಳು ಲೆಕ್ಕಕ್ಕಿಲ್ಲ.

ಉಳಿದ ದಿನಗಳ ಬದುಕು ಅವನ ಇನ್ನೊಂದು ಕೆಲಸದ ಮೇಲೆ ನಿಂತಿದೆ. ಕರ್ತವ್ಯ ಮುಗಿಸಿ ಬಂದವನನ್ನು ಮಾಲೀಕ ಹಳೆಯ ಕೆಲಸಕ್ಕೆ, ಹಿಂದಿಗಿಂತ ಕಡಿಮೆಯಲ್ಲದ ಷರತ್ತಿನ ಮೇಲೆ ಮತ್ತೆ ತೆಗೆದುಕೊಳ್ಳಬೇಕು ಎಂದು ಪ್ರಾದೇಶಿಕ ಸೇನೆಯ ಕಾಯ್ದೆಯ 7ಎ ಕಲಮು ಹೇಳುತ್ತದೆ. ಪ್ರಾಧಿಕಾರ ಆದೇಶಿಸಿದ ಮೇಲೂ ತೆಗೆದುಕೊಳ್ಳದಿದ್ದರೆ? ಆರು ತಿಂಗಳ ಸಂಬಳದಷ್ಟು ಪರಿಹಾರ, ಹೆಚ್ಚೆಂದರೆ 1,000 ರೂಪಾಯಿ ದಂಡ. ಇಂದು ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸಿದರೂ ಮೋಟಾರು ವಾಹನ ಕಾಯ್ದೆಯಲ್ಲಿ ಅಷ್ಟೇ ದಂಡ ಬರೆದಿದೆ. ಮೂರು ವರ್ಷ ಮಣಿಪುರದಲ್ಲೋ ಕುಪ್ವಾರದಲ್ಲೋ ಇದ್ದು ಬಂದವನು ಆ ಆರು ತಿಂಗಳ ಸಂಬಳಕ್ಕಾಗಿ ಕಚೇರಿ ಅಲೆಯಬೇಕು.

ಇದನ್ನು ಸರಿಪಡಿಸಲು ಹೊಸ ಸೈನ್ಯವೇನೂ ಬೇಕಿಲ್ಲ. ದಂಡದ ಮೊತ್ತ ಈ ಕಾಲಕ್ಕೆ ತಕ್ಕಂತಿರಲಿ. ವರ್ಷಗಟ್ಟಲೆ ಕರೆಸಿಕೊಂಡವರಿಗೆ ಪಿಂಚಣಿಯ ಲೆಕ್ಕ ಉದಾರವಾಗಲಿ. ಭರ್ತಿ ರ‍್ಯಾಲಿಯ ಮೈದಾನದಲ್ಲೇ ಈ ನೌಕರಿಯ ನಿಜವಾದ ಷರತ್ತುಗಳನ್ನು ಕನ್ನಡದಲ್ಲಿ, ಮರಾಠಿಯಲ್ಲಿ ಬರೆದು ಹಾಕಲಿ. ಪ್ರಜೆಯೇ ಸೈನಿಕನಾಗಬೇಕು ಎಂದು 1948ರಲ್ಲಿ ದೇಶ ತೀರ್ಮಾನಿಸಿತು. ಸೈನಿಕ ಮರಳಿ ಪ್ರಜೆಯಾಗುವ ದಾರಿಯನ್ನು ಅಷ್ಟೇ ಭದ್ರವಾಗಿ ಕಟ್ಟುವ ಕೆಲಸ ಬಾಕಿ ಉಳಿದಿದೆ. ಅದನ್ನು ಮಾಡಬೇಕಾದವರು ದಂಡಿನವರಲ್ಲ, ಅವನಿಗೆ ಕೆಲಸ ಕೊಡುವ ನಾವು.